ಎಂಜಿನ್ನಿನ ಬದಿಗೆ ನಿಂತವರು

ನನಗೆ ರೈಲಿನ ಹುಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಗುವವರು ಈಗಲೇ ನಕ್ಕು ಮುಗಿಸಲಿ. ಹೊನ್ನಾವರದಲ್ಲಿ ಮನೆಯ ಜಗಲಿಯಲ್ಲಿ ಮಷಿನ್ ಇಟ್ಟುಕೊಂಡು ರವಿಕೆ ಹೊಲಿಯುವ ಹೆಂಗಸು ನಾನು, ಮೀನುಗಾರರ ಮನೆಯ ಸೊಸೆ, ವಯಸ್ಸು ಐವತ್ತರ ಹತ್ತಿರ. ಇಂಥವಳು ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಎಂಜಿನ್ನಿನ ಫೋಟೋ ತೆಗೆಯಲು ಹೊರಟರೆ ಕೇರಿಯವರು ಸುಮ್ಮನಿರುತ್ತಾರೆಯೇ? "ಊರಿಗೊಂದು ದಾರಿಯಾದ್ರೆ ಇವಳಿಗೊಂದು ದಾರಿ" ಎಂದು ನಮ್ಮತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಹೇಳಲಿ. ಕುಮಟೆಯಲ್ಲಿ ಒಂದು ಸ್ಟುಡಿಯೋ ಬಾಗಿಲು ಹಾಕಿದಾಗ ಆ ಕ್ಯಾಮೆರಾ ನನ್ನ ಪಾಲಿಗೆ ಬಂತು, ಅಂದಿನಿಂದ ನಾನು ಯಾರ ಮಾತಿಗೂ ಸೊಪ್ಪು ಹಾಕಿದವಳಲ್ಲ.

ಎಲ್ಲ ರೈಲೂ ನನಗೆ ಬೇಡ. ನನ್ನ ಜೀವ ಹಳೇ ಡೀಸೆಲ್ ಎಂಜಿನ್ನಿನ ಮೇಲೆ. ನಮ್ಮ ಕರಾವಳಿಯ ಹಳಿಯ ಮೇಲೆ ತಂತಿ ಎಳೆದ ಮೇಲೆ ಎಲ್ಲ ಕರೆಂಟಿನ ಎಂಜಿನ್ನೇ ಆಯಿತು. ಅದು ಬಂದದ್ದೇ ಗೊತ್ತಾಗುವುದಿಲ್ಲ, ಹೋದ ಮೇಲೆ ಸೆರಗು ಹಾರಿದಾಗ ಗೊತ್ತು. ಡೀಸೆಲ್ ಹಾಗಲ್ಲ. ನಮ್ಮ ಕಡೆಯ ಏರು ಕಣ್ಣಿಗೆ ಕಾಣುವಂಥದಲ್ಲ, ಗುಡ್ಡದ ಬುಡ ಹಿಡಿದು ಸುರಂಗಕ್ಕೆ ಹೋಗುವ ಹಳಿ ನೋಡಿದರೆ ಸಪಾಟಾಗಿಯೇ ಇದೆ ಅನ್ನಿಸುತ್ತದೆ. ಆದರೆ ಭಾರ ಹೊತ್ತ ಹಳೇ ಎಂಜಿನ್ನು ಅಲ್ಲಿಗೆ ಬಂದಾಗ ಸದ್ದು ಬದಲಾಗುತ್ತದೆ. ಧಗ್ ಧಗ್ ಎನ್ನುತ್ತಿದ್ದದ್ದು ದಮ್ಮು ಕಟ್ಟಿದವರ ಹಾಗೆ ನಿಧಾನವಾಗಿ, ಎದೆಯೊಳಗೆ ಗುದ್ದುವ ಹಾಗೆ ಕೇಳುತ್ತದೆ, ಕಪ್ಪು ಹೊಗೆ ಗುಡ್ಡದ ಮರಗಳ ಮೇಲೆ ಹತ್ತುತ್ತದೆ. ಏರು ಇದೆ ಅಂತ ಆಗ ತಿಳಿಯುತ್ತದೆ. ಈಗ ಅಂಥ ಎಂಜಿನ್ನು ಬರುವುದೇ ಅಪರೂಪ. ಜಲ್ಲಿಕಲ್ಲು ಹೊತ್ತುಕೊಂಡು ಯಾವಾಗಲೋ ಒಮ್ಮೆ ಬರುತ್ತದೆ. ನನ್ನ ಹಾಗಿನ ಹುಚ್ಚರದ್ದೊಂದು ಫೋನಿನ ಗುಂಪಿದೆ, ಅದರಲ್ಲಿ ಸುದ್ದಿ ಬಂದರೆ ನಾನು ಅರ್ಧ ಹೊಲಿದ ರವಿಕೆಯನ್ನು ಅಲ್ಲಿಗೇ ಬಿಟ್ಟು ಎದ್ದೆ ಅಂತ ಲೆಕ್ಕ.

ನನ್ನನ್ನು ಕರೆದುಕೊಂಡು ಹೋಗುವವರು ನನ್ನ ಗಂಡ. ಅವರು ಟ್ರಾಲ್ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುವವರು. ಹುಡುಗನಾಗಿದ್ದಾಗ ಹತ್ತಿದ್ದು, ಇವತ್ತಿಗೂ ಎಂಜಿನ್ನಿನ ಬದಿಯಲ್ಲೇ ಊಟ, ಅಲ್ಲೇ ನಿದ್ದೆ. ಮಳೆಗಾಲದಲ್ಲಿ ಮೀನುಗಾರಿಕೆಗೆ ನಿಷೇಧ ಬಿದ್ದು ಬೋಟುಗಳೆಲ್ಲ ದಡಕ್ಕೆ ಬಂದ ಮೇಲೆ ಮನೆಯಲ್ಲಿ ಅವರಿಗೆ ಕೆಲಸವಿಲ್ಲ. "ಎಂಜಿನ್ ನೋಡೂಕೆ ಹೋಪನಾ?" ಎಂದರೆ ಸ್ಕೂಟರಿನ ಹತ್ತಿರ ನನಗಿಂತ ಮೊದಲೇ ನಿಂತಿರುತ್ತಾರೆ. ಹೆಂಡತಿಯ ಮೇಲಿನ ಪ್ರೀತಿ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ನಾನು ಫೋಟೋ ತೆಗೆಯುವಾಗ ಅವರು ಎಂಜಿನ್ನಿನ ತೀರಾ ಬದಿಗೆ ಹೋಗಿ ನಿಲ್ಲುತ್ತಿದ್ದರು, ಪ್ರತಿ ಸಲವೂ. "ಸರೀರಿ, ಫೋಟೋದೊಳಗೆ ಬಂದ್ರಿ" ಎಂದು ಬಯ್ದು ಬಯ್ದು ನನಗೆ ಸಾಕಾಗಿತ್ತು. ಎಷ್ಟು ಬಯ್ದರೂ ಕೇಳದವರ ಹಾಗೆ ಇರುತ್ತಿದ್ದರು.

ನಮ್ಮ ಮನೆಯ ಮಾತಿನ ರೀತಿಯನ್ನು ಇಲ್ಲಿ ಹೇಳಬೇಕು. ಬೋಟಿನವರ ಮನೆಯಲ್ಲಿ ಮೆಲ್ಲಗೆ ಮಾತಾಡುವುದೆಂಬುದಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಕೂಗಿ ಕೂಗಿ ಗಂಡಸರಿಗೆ ಅದೇ ರೂಢಿ, ಅವರಿಗೆ ಉತ್ತರ ಕೊಟ್ಟು ಕೊಟ್ಟು ಹೆಂಗಸರಿಗೂ ಅದೇ. ಅನ್ನ ಬಡಿಸಲೇ ಎಂದು ಕೇಳಿದರೆ ಹೊರಗಿನವರಿಗೆ ಜಗಳ ಹತ್ತಿದೆ ಅನ್ನಿಸಬೇಕು. ಅರ್ಧ ಮಾತು ಕೈಯಲ್ಲೇ. ಬೋಟು ನಡೆಸುವ ತಾಂಡೇಲ ಮೇಲಿನಿಂದ ಕೈ ಮಾಡುತ್ತಾನೆ, ಕೆಳಗಿದ್ದ ಎಂಜಿನ್ನಿನವನು ಅದನ್ನು ನೋಡಿ ಕೆಲಸ ಮಾಡುತ್ತಾನೆ. ಮುಂದೆ, ಹಿಂದೆ, ನಿಲ್ಲಿಸು, ಎಲ್ಲಕ್ಕೂ ಒಂದೊಂದು ಕೈ. ಅದರಲ್ಲಿ ಒಂದು ಮಾತ್ರ ಪ್ರಶ್ನೆ ಕೇಳದೆ ಪಾಲಿಸಬೇಕಾದದ್ದು. ಬಲೆ ಎಳೆಯುವ ತಂತಿಹಗ್ಗ ಬಿಗಿದು ಹರಿಯುವ ಹಾಗಾದರೆ ಕಂಡವನು ಎರಡೂ ಅಂಗೈಯನ್ನು ನೆಲದ ಕಡೆಗೆ ಜೋರಾಗಿ ಒತ್ತುತ್ತಾನೆ. ನೋಡಿದವರೆಲ್ಲ ನಿಂತಲ್ಲೇ ಹಿಂದಕ್ಕೆ ಬಿದ್ದು ಮಲಗಬೇಕು. ಯಾಕೆಂದು ತಿರುಗಿ ನೋಡಿದವನ ತಲೆಯನ್ನು ಹಗ್ಗ ಹೊತ್ತುಕೊಂಡು ಹೋಗುತ್ತದೆ. ನಮ್ಮ ಮನೆಯ ಮಕ್ಕಳು ನಡೆಯಲು ಕಲಿಯುವ ಮೊದಲೇ ಈ ಆಟ ಕಲಿಯುತ್ತವೆ.

ಗಂಡ ಹೆಂಡತಿ ಗುಟ್ಟು ಮಾತಾಡುವುದಾದರೆ ನಮಗೆ ಇದ್ದ ಜಾಗ ಸ್ಕೂಟರು ಒಂದೇ. ಮನೆ ತುಂಬ ಜನ. ಹಾಗಾಗಿ ಹೆದ್ದಾರಿಯಲ್ಲಿ ಅವರ ಹಿಂದೆ ಕೂತು, ಗಲ್ಲವನ್ನು ಅವರ ಹೆಗಲ ಹತ್ತಿರ ಇಟ್ಟು ನಾನು ಎಲ್ಲ ಹೇಳುತ್ತಿದ್ದೆ. ನಾದಿನಿಯ ಕೊಂಕು, ಮಗಳ ಗಂಡನ ಸಿಟ್ಟು, ನನ್ನ ಮೊಣಕಾಲು ನೋವು, ಎಲ್ಲ. ಅವರು "ಹ್ಞೂಂ" ಎನ್ನುತ್ತಿದ್ದರು, ಕೊನೆಗೆ "ಆತು" ಎನ್ನುತ್ತಿದ್ದರು.

ಆ "ಆತು" ಒಂದು ಸಲ ನನಗೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹಿಂದಿನ ವರ್ಷ ನನ್ನ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಅವರು ಸಮುದ್ರದಲ್ಲಿದ್ದರು. ಯಾರಿಗೂ ಹೇಳದೆ ಒಬ್ಬಳೇ ಕುಮಟೆಗೆ ಹೋಗಿ ಪರೀಕ್ಷೆಗೆ ಕೊಟ್ಟೆ. ಫಲಿತಾಂಶ ತರುವ ದಿನ ಅವರು ದಡದಲ್ಲಿದ್ದರು, ಬಟ್ಟೆಗೆ ಲೈನಿಂಗ್ ತರಬೇಕು ಎಂದು ಸುಳ್ಳು ಹೇಳಿ ಕರೆದುಕೊಂಡು ಹೋದೆ. ಅವರನ್ನು ಬಟ್ಟೆ ಅಂಗಡಿಯ ಮುಂದೆ ನಿಲ್ಲಿಸಿ ಒಬ್ಬಳೇ ಆಸ್ಪತ್ರೆಗೆ ಹೋಗಿ ಬಂದೆ. ಏನೂ ಇಲ್ಲ, ಹೆದರಬೇಡಿ ಎಂದರು ಡಾಕ್ಟರು. ವಾಪಸು ಬರುವಾಗ ಧಾರೇಶ್ವರ ದಾಟಿದ ಮೇಲೆ ತಡೆಯಲಾಗಲಿಲ್ಲ. ಅವರ ಬೆನ್ನಿಗೆ ಮುಖ ಇಟ್ಟು ಎಲ್ಲ ಹೇಳಿದೆ, ಗಂಟು ಕಂಡ ದಿನದಿಂದ ಹಿಡಿದು ಎಲ್ಲ. ನಾನು ಹೇಳಿ ಮುಗಿಸಿದ ಮೇಲೆ ಅವರು ಅಂದದ್ದು ಒಂದೇ ಮಾತು, "ಆತು."

ಎಂಥ ಕಲ್ಲು ಮಾರಾಯ್ರೆ ಇವರು! ಗಾಡಿ ನಿಲ್ಲಿಸಲಿಲ್ಲ, ತಿರುಗಿ ನೋಡಲಿಲ್ಲ. ಅಂದಿನಿಂದ ಅವರ ಮೇಲೆ ಒಂದು ಸಿಟ್ಟು ನನ್ನೊಳಗೆ ಕೂತೇ ಇತ್ತು. ಅನ್ನ ಹಾಕುತ್ತಿದ್ದೆ, ಮಾತಾಡುತ್ತಿದ್ದೆ, ರೈಲು ನೋಡಲು ಒಟ್ಟಿಗೇ ಹೋಗುತ್ತಿದ್ದೆ, ಆದರೆ ಆ ಸಿಟ್ಟು ಅಲ್ಲೇ ಇತ್ತು.

ಈ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಫೋನಿಗೆ ಸುದ್ದಿ ಬಂತು. ಹಳೇ ಡೀಸೆಲ್ಲೊಂದು ಜಲ್ಲಿ ಹೊತ್ತು ತೆಂಕಿನಿಂದ ಬರುತ್ತಿದೆ, ಭಟ್ಕಳದ ಹತ್ತಿರದ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲಬಹುದು ಎಂದು. ನಾವು ಮುಟ್ಟುವಾಗ ಅದು ಬಂದು ನಿಂತಾಗಿತ್ತು. ಹನಿ ಮಳೆ. ಒಂದೇ ಪ್ಲಾಟ್‌ಫಾರಂ, ಅದರ ಮುಂದೆ ಮುಖ್ಯ ಹಳಿ, ಅದರಾಚೆ ಬದಿ ಹಳಿಯ ಮೇಲೆ ಗುಡ್ಡಕ್ಕೆ ತಾಗಿದ ಹಾಗೆ ಗೂಡ್ಸು. ಎಂಜಿನ್ನಿನ ಬಣ್ಣ ಮಾಸಿ ಅಲ್ಲಲ್ಲಿ ತುಕ್ಕು ಕಾಣುತ್ತಿತ್ತು. ಆದರೂ ಆ ಸದ್ದು! ನಿಂತಲ್ಲೇ ಧಗ್ ಧಗ್ ಎಂದು ಇಡೀ ಸ್ಟೇಷನ್ನಿನ ನೆಲವನ್ನೇ ಅಲುಗಿಸುತ್ತಿತ್ತು. ನನಗೆ ಕಣ್ಣಲ್ಲಿ ನೀರೇ ಬಂತು, ನಗಬೇಡಿ.

ನನ್ನ ಗಂಡ ಎಂದಿನ ಹಾಗೆ ಹಳಿ ದಾಟಿ ಎಂಜಿನ್ನಿನ ಬದಿಗೆ ಹೋಗಿ ನಿಂತರು. ನಮ್ಮ ಕಡೆಯ ಜನಕ್ಕೆ ಒಂದು ನಂಬಿಕೆಯಿದೆ, ಗೂಡ್ಸು ನಿಂತಿದೆ ಅಂದರೆ ದಾರಿ ಖಾಲಿ, ಆರಾಮಾಗಿ ದಾಟಬಹುದು ಎಂದು. ಮೀನು ಬುಟ್ಟಿಯವರು, ಶಾಲೆ ಮಕ್ಕಳು ಎಲ್ಲ ಹಾಗೆಯೇ ದಾಟುವುದು. ನಿಜ ಅಂದರೆ ಅದು ತಿರುವುಮುರುವು. ನಮ್ಮಲ್ಲಿ ಇರುವುದು ಒಂಟಿ ಹಳಿ. ಗೂಡ್ಸನ್ನು ಬದಿಗೆ ನಿಲ್ಲಿಸುವುದೇ ಇನ್ನೊಂದು ಗಾಡಿ ಬರಲಿಕ್ಕಿದೆ ಎಂದು. ನಾನು ಅವರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ. ಸ್ಕೂಟರಿನ ಮೇಲೆ, ಹಿಂದೆ ಕೂತು.

ನಾನು ಪ್ಲಾಟ್‌ಫಾರಮ್ಮಿನ ತುದಿಯಿಂದ ಫೋಟೋ ತೆಗೆದೆ. ಮತ್ತೆ ಅವರು ಫೋಟೋದೊಳಗೆ! "ಹೋಯ್, ಬದಿಗೆ ಸರೀರಿ!" ಎಂದೆ. ಇಲ್ಲ. "ಹೋಯ್! ನಿಮಗೇ ಹೇಳಿದ್ದು!" ಊಹೂಂ. ಬೆನ್ನು ಹಾಕಿ ನಿಂತೇ ಇದ್ದರು. ಹಾಳಾಗಿ ಹೋಗಲಿ ಎಂದು ಕ್ಯಾಮೆರಾ ಇಳಿಸಿದೆ. ಆಗ ಸುರಂಗದ ಬಾಯಿಯಿಂದ ಹಾರ್ನು ಕೇಳಿತು. ಕರೆಂಟಿನ ಎಂಜಿನ್ನು, ಎಕ್ಸ್‌ಪ್ರೆಸ್ಸು. ನಿಲ್ಲುವ ಗಾಡಿಯಲ್ಲ, ಹಾದು ಹೋಗುವಂಥದು.

ಸರಿ, ಅವರು ಆಚೆ ಇದ್ದಾರಲ್ಲ, ಹೋಗಲಿ ಎಂದುಕೊಂಡೆ. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿದರು. ಕ್ಯಾಮೆರಾ ಇಳಿಸಿದ್ದು ಕಂಡು ನನ್ನ ಕೆಲಸ ಮುಗಿಯಿತು ಎಂದು ತಿಳಿದಿರಬೇಕು. ಮಳೆ ಕೋಟಿನ ಟೊಪ್ಪಿಯನ್ನು ಮುಖದವರೆಗೆ ಎಳೆದುಕೊಂಡು ನನ್ನತ್ತ ನಡೆದು ಬರತೊಡಗಿದರು. ಮುಖ್ಯ ಹಳಿಯ ಕಡೆಗೆ!

"ಬರಬೇಡಿ!" ಎಂದು ಕೂಗಿದೆ. ಹಾರ್ನು ಈಗ ಬಿಡದೆ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಗೂಡ್ಸಿನ ಡ್ರೈವರನೂ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕಿರುಚುತ್ತಿದ್ದ. "ಅಯ್ಯೋ ಬರಬೇಡಿ! ರೈಲು! ರೈಲು ಬಂತು!" ನನ್ನ ಗಂಟಲು ಹರಿಯಿತು. ಅವರು ನನ್ನನ್ನು ನೋಡಿ ನಕ್ಕರು. ದೇವರಾಣೆ, ನಕ್ಕರು. ಫೋಟೋ ಹಾಳಾದದ್ದಕ್ಕೆ ಬಯ್ಯುತ್ತಿದ್ದೇನೆ ಎಂದುಕೊಂಡರೋ ಏನೋ. ನಗುತ್ತ ಇನ್ನೊಂದು ಹೆಜ್ಜೆ ಇಟ್ಟರು. ಹಳಿಗೆ ಇನ್ನೊಂದೇ ಮಾರು ಇತ್ತು.

ನನ್ನ ತಲೆ ಏನೂ ಯೋಚಿಸಲಿಲ್ಲ. ಕೈಗಳು ತಾವಾಗಿ ಎದ್ದವು. ಎರಡೂ ಅಂಗೈಯನ್ನು ನೆಲದ ಕಡೆಗೆ ಒತ್ತಿದೆ, ಎಷ್ಟು ಜೋರಾಗಿ ಅಂದರೆ ಕ್ಯಾಮೆರಾ ಬಂದು ನನ್ನ ಹೊಟ್ಟೆಗೆ ಬಡಿಯಿತು. ಅವರ ಮುಖದ ನಗು ಹೋದದ್ದು ಕಂಡೆ. ಹಿಂದಕ್ಕೆ ಬೀಳುವುದನ್ನು ಕಂಡೆ. ಆಮೇಲೆ ನಮ್ಮಿಬ್ಬರ ನಡುವೆ ರೈಲು ಬಂತು.

ಎಂಜಿನ್ನು, ಅದರ ಹಿಂದೆ ಡಬ್ಬಿ, ಡಬ್ಬಿಯ ಹಿಂದೆ ಡಬ್ಬಿ. ಮುಗಿಯಬೇಕಲ್ಲ! ಕಿಟಕಿಯಲ್ಲಿ ಯಾರೋ ಚಾ ಕುಡಿಯುತ್ತಿದ್ದರು, ಒಂದು ಮಗು ನನಗೆ ಟಾಟಾ ಮಾಡಿತು. ರೈಲನ್ನು ಇಷ್ಟು ಪ್ರೀತಿ ಮಾಡಿದವಳು ನಾನು. ಆಗ ಅದರ ಮೇಲೆ ಬಂದ ಹೇಸಿಗೆಯನ್ನು ಹೇಗೆ ಹೇಳಲಿ. ಕೊನೆಯ ಡಬ್ಬಿ ಹೋಯಿತು. ಅವರು ಜಲ್ಲಿಯ ಮೇಲೆ ಅಂಗಾತ ಬಿದ್ದಿದ್ದರು. ಅಲುಗಾಟವಿಲ್ಲ. ಆಮೇಲೆ ಮಲಗಿದಲ್ಲಿಂದಲೇ ಒಂದು ಕೈ ಎತ್ತಿ "ಏಳಬಹುದಾ?" ಎಂದು ಕೇಳುವ ಹಾಗೆ ಬೆರಳು ಆಡಿಸಿದರು.

ಓಡಿ ಹೋಗಿ ಎಬ್ಬಿಸಿ ಕೂರಿಸಿದೆ. ಕೂರಿಸಿದ್ದೇ ಬೆನ್ನ ಮೇಲೆ ದಬದಬ ಬಡಿದೆ. ಬಾಯಿಗೆ ಬಂದದ್ದೆಲ್ಲ ಬಯ್ದೆ, ಬಯ್ಯುತ್ತ ಅತ್ತೆ. ಅವರ ಮೊಣಕೈ ಕೆತ್ತಿ ರಕ್ತ ಬರುತ್ತಿತ್ತು. ಹೋದ ರೈಲಿನ ಹಿಂಭಾಗವನ್ನೇ ನೋಡುತ್ತ ಬಾಯಿ ಬಿಟ್ಟುಕೊಂಡು ಕೂತಿದ್ದರು. "ಇದು ಎಲ್ಲಿಂದ ಬಂತೇ?" ಎಂದರು.

ಅಷ್ಟರಲ್ಲಿ ಹಸಿರು ಬಾವುಟ ಹಿಡಿದ ರೈಲ್ವೆಯವನೊಬ್ಬ ಓಡಿ ಬಂದ. ಬಾಯಿ ತುಂಬ ಎಲೆಯಡಿಕೆಯ ಕವಳ, ತುಟಿ ಬಿಡಿಸದೆಯೇ ಬಯ್ಯಲು ಶುರು ಮಾಡಿದ. ಇಲ್ಲಿ ನಿಲ್ಲಬಾರದು, ಫೋಟೋ ತೆಗೆಯಬಾರದು, ಕೇಸು ಹಾಕಿಸುತ್ತೇನೆ ಎಂದೆಲ್ಲ ಅಂದ. ನನ್ನ ಗಂಡ ಅವನ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡಿ "ಎಂತ ಹೇಳ್ತಾನೆ ಅಂವ?" ಎಂದು ಕೇಳಿದರು.

ಅವನು ಕವಳ ಉಗುಳಿ ಅವರನ್ನೊಮ್ಮೆ ದಿಟ್ಟಿಸಿದ. ಸ್ವರ ತಗ್ಗಿಸಿ ನನಗೆ ಅಂದ, "ಅಕ್ಕಾ, ಸುರಂಗದಿಂದ ಇಲ್ಲಿವರೆಗೂ ಹಾರ್ನು ಹೊಡ್ಕಂಡೇ ಬಂದ. ಸತ್ತವ್ರೂ ಎದ್ದು ಕೂರ್ತಿದ್ರು. ಇವ್ರಿಗೆ ಕಿವಿ ಕೇಳೂದಿಲ್ವಾ?"

"ನಿಮ್ಮ ಕಿವಿ ನೀವು ನೋಡ್ಕಳಿ! ನಮ್ಮ ಕಿವಿ ಸರಿ ಇದ್ದು!" ಎಂದು ಅವನ ಮೇಲೆ ಎಗರಿದೆ. ಅವನು ತಲೆಯಾಡಿಸುತ್ತ ಹೋದ. ನಾನು ಗಂಡನ ತೋಳು ಹಿಡಿದು ಹೊರಗೆ ಕರೆತಂದೆ. ಎಂಥ ಮಾತಾಡಿದ ನೋಡಿ! ಇಷ್ಟು ವರ್ಷ ಸಂಸಾರ ಮಾಡಿದವಳು ನಾನು, ನಿನ್ನೆ ರಾತ್ರಿಯೂ ಸಾರಿಗೆ ಹುಳಿ ಹೆಚ್ಚಾಯಿತು ಎಂದು ನನ್ನ ಹತ್ತಿರ ವಾದ ಮಾಡಿದ ಮನುಷ್ಯ. ಆದರೆ ಸ್ಕೂಟರಿನವರೆಗೆ ನಡೆಯುವಾಗ ಆ ಮಾತು ನನ್ನ ಹಿಂದೆಯೇ ಬಂತು. ಬೆನ್ನು ಹಾಕಿ ನಿಂತವರನ್ನು ನಾನು ಕರೆದಾಗ ಅವರು ತಿರುಗಿದ್ದು ಯಾವಾಗ? ನೆನಪಾಗಲಿಲ್ಲ.

ಅವರು ಬಗ್ಗಿ ಸೀಟಿನ ನೀರು ಒರೆಸುತ್ತಿದ್ದರು. ನಾನು ಹಿಂದೆ ನಿಂತೆ. "ನಿಮ್ಮ ಅಬ್ಬೆಯಷ್ಟು ಕೆಟ್ಟದಾಗಿ ಮೀನುಸಾರು ಮಾಡೂರು ಹೊನ್ನಾವರದಾಗೇ ಇಲ್ಲ" ಎಂದೆ. ಅಬ್ಬೆಯ ಸಾರಿನ ಸುದ್ದಿಗೆ ಹೋದವರನ್ನು ಅವರು ಈವರೆಗೆ ಸುಮ್ಮನೆ ಬಿಟ್ಟವರಲ್ಲ. ಸೀಟು ಒರೆಸಿದರು. "ನಿಮ್ಮ ಬೋಟು ಮುಳುಗಿ ಹೋತು" ಎಂದೆ, ಇನ್ನೂ ಜೋರಾಗಿ. ಕನ್ನಡಿ ಒರೆಸಿದರು. ಆ ಕನ್ನಡಿಯಲ್ಲಿ ನನ್ನ ಮುಖ ಕಂಡು ಥಟ್ಟನೆ ತಿರುಗಿ "ಎಂತ ಆತೇ? ಯಾಕೆ ಹಂಗೆ ನಿಂತೆ?" ಎಂದರು.

ಚಾ ಕುಡಿಯೋಣ ಎಂದು ಕೈ ಮಾಡಿ ತೋರಿಸಿದೆ.

ಭಟ್ಕಳದ ಹೆದ್ದಾರಿ ಬದಿಯ ಒಂದು ಹೋಟೆಲಿಗೆ ಹೋಗಿ ಎದುರುಬದುರು ಕೂತೆವು. ದುಡ್ಡಿನ ಗಲ್ಲೆಯ ಮೇಲಿದ್ದವರು ಫೋನಿನಲ್ಲಿ ಯಾರೊಡನೆಯೋ ಭಟ್ಕಳದ ನವಾಯಿತಿ ಭಾಷೆಯಲ್ಲಿ ಮಾತಾಡುತ್ತಿದ್ದರು. ಚಾ ಬಂತು. ಕಿವಿ ಮುಟ್ಟಿ ತೋರಿಸಿ, "ಯಾವಾಗಿಂದ?" ಎಂದು ಕೇಳಿದೆ.

ಅವರು ತಲೆ ತಗ್ಗಿಸಿದರು. ತಲೆ ತಗ್ಗಿಸಿದರೆ ನನ್ನ ಮಾತು ಅವರಿಗೆ ಮುಟ್ಟುವುದಿಲ್ಲ ಎಂದು ಆಗ ನನಗೆ ಗೊತ್ತಾಗಿತ್ತು. ಗದ್ದ ಹಿಡಿದು ಎತ್ತಿದೆ, ಹೋಟೆಲಿನಲ್ಲೇ, ನಾಚಿಕೆ ಬಿಟ್ಟು.

"ಬಲಗಿವಿ ಹೋಗಿ ಸುಮಾರು ವರ್ಷ ಆತು" ಎಂದರು. "ಎಡದ್ದೂ ಈಗ ಇಲ್ಲ ಅಂತ್ಲೇ ಹೇಳು. ಮೊದಮೊದಲು ಎಂಜಿನ್ ನಿಂತ್ ಮೇಲೂ ಕಿವಿಯೊಳಗೆ ಕೂಗ್ತಿತ್ತು. ಆಮೇಲೆ ಅದೂ ನಿಂತು ಹೋತು."

"ಹಂಗಾರೆ ಮನೆಯಾಗೆ ನಾ ಹೇಳಿದ್ದಕ್ಕೆಲ್ಲ ಜವಾಬು ಕೊಡ್ತ್ರಲ್ಲ?"

"ನೀನು ಬಾಯಿ ತೆಗೆಯೂಕೆ ಮೊದ್ಲೇ ಎಂತ ಹೇಳ್ತೆ ಅಂತ ನಂಗೆ ಗೊತ್ತಾಗ್ತದೆ" ಎಂದು ನಗಲು ನೋಡಿದರು. ಆಗಲಿಲ್ಲ. "ಬೋಟಿನಾಗೆ ಕೈ ನೋಡಿದ್ರೆ ಸಾಕು. ಮನೆಯಾಗೆ ಎಲ್ರೂ ಕೂಗ್ತ್ರಿ, ಬಾಯಿ ದೊಡ್ಡದು ಮಾಡ್ತ್ರಿ. ಓದೂಕೆ ಸುಲಭ."

ಅಯ್ಯೋ ದೇವರೇ. ಕಿವುಡನೊಬ್ಬ ವರ್ಷಗಟ್ಟಲೆ ಯಾರಿಗೂ ಗೊತ್ತಾಗದೆ ಬದುಕಬಹುದಾದ ಮನೆ ಇಡೀ ಜಿಲ್ಲೆಯಲ್ಲಿ ಇದ್ದರೆ ಅದು ನಮ್ಮದೇ. ಸಿಟ್ಟು ಯಾರ ಮೇಲೆ ಮಾಡಲಿ? ಕ್ಯಾಮೆರಾ ತೆಗೆದು ಅವತ್ತಿನ ಫೋಟೋ ನೋಡಿದೆ, ಸುಮ್ಮನೆ, ಕೈಗೆ ಏನಾದರೂ ಬೇಕಿತ್ತು. ಒಂದರಲ್ಲಿ ಅವರು ಪಕ್ಕಕ್ಕೆ ಮುಖ ಮಾಡಿದ್ದರು. ಒಂದು ಅಂಗೈಯನ್ನು ಎಂಜಿನ್ನಿನ ಮೈಗೆ ಇಟ್ಟು ಕಣ್ಣು ಮುಚ್ಚಿ ನಿಂತಿದ್ದರು. ಹೊಗೆ ಕಡಿಮೆಯಿದ್ದದ್ದಕ್ಕೆ ಫೋಟೋ ಹಾಳಾಯಿತು ಎಂದು ಆಗ ನಾನು ಬಯ್ದುಕೊಂಡಿದ್ದೆ. ತಿರುಗಿಸಿ ಅವರಿಗೆ ತೋರಿಸಿದೆ.

"ಇದೊಂದು ಕೇಳ್ತದೆ ನಂಗೆ" ಎಂದರು. "ಕಿವಿಯಾಗಲ್ಲ. ಕಾಲಾಗೆ, ಎದೆಯಾಗೆ. ಬೋಟಿನ ಎಂಜಿನ್ನು ಸಣ್ಣದು, ಈಗ ಅದೂ ಸಾಲೂದಿಲ್ಲ. ಇದು ಬಂದ್ರೆ ಮೊದಲಿನ ಹಂಗೆ ಕೇಳ್ತದೆ."

ಅದಕ್ಕೇ ನನಗಿಂತ ಮೊದಲು ಸ್ಕೂಟರಿನ ಹತ್ತಿರ ನಿಲ್ಲುತ್ತಿದ್ದರು. ಸ್ಕೂಟರು ಎಂದು ನೆನೆದದ್ದೇ ಕ್ಯಾಮೆರಾ ಕೆಳಗಿಟ್ಟೆ. ಅವರ ಹಿಂದೆ ಕೂತು ನಾನು ಆಡಿದ ಅಷ್ಟೂ ಮಾತು!

"ಸ್ಕೂಟರಿನ ಮೇಲೆ?" ಎಂದೆ. ಅವರ ಹೆಗಲು ಮುಟ್ಟಿ, ನನ್ನ ಬಾಯಿ ಮುಟ್ಟಿ ತೋರಿಸಿದೆ. "ನಾ ಮಾತಾಡಿದ್ದು?"

ಅವರು ಇಲ್ಲವೆಂದು ತಲೆಯಾಡಿಸಿದರು. "ನಿನ್ನ ಗಲ್ಲ ಹೆಗಲಿಗೆ ತಾಗ್ತಿತ್ತಲ್ಲ, ಅದು ಅಲುಗ್ತಿದ್ರೆ ಮಾತಾಡ್ತಿದ್ದೆ ಅಂತ. ನಿಂತ್ರೆ ಮುಗೀತು ಅಂತ. ಆಗ ಆತು ಅಂತಿದ್ದೆ."

ಚಾ ಆರಿ ಕೆನೆ ಕಟ್ಟಿತ್ತು. ಲೋಟ ಬದಿಗೆ ಸರಿಸಿ ಅವರೇ ಮಾತು ತೆಗೆದರು. ಈ ಸಲ ಮೆಲ್ಲಗೆ, ನಮ್ಮ ಮನೆಯಲ್ಲಿ ಯಾರೂ ಆಡದಷ್ಟು ಮೆಲ್ಲಗೆ.

"ಹಿಂದಿನ ವರ್ಷ ಕುಮಟೆಯಿಂದ ಬರೂವಾಗ ನನ್ನ ಬೆನ್ನು ಒದ್ದೆ ಆಗಿತ್ತು. ಮಳೆ ಇರ್ಲಿಲ್ಲ. ನೀನು ಅಳ್ತಿದ್ದೆ ಅಂತ ಗೊತ್ತಾತು. ಎಂತಕ್ಕೆ ಅಂತ ಕೇಳೂಕೆ ಧೈರ್ಯ ಬರ್ಲಿಲ್ಲ. ಕೇಳಿದ್ರೆ ನಂಗೆ ಕೇಳ್ಲಿಲ್ಲ ಅಂತ ನಿಂಗೆ ಗೊತ್ತಾಗ್ತಿತ್ತು." ನನ್ನ ಬಾಯಿಯ ಮೇಲೆಯೇ ಕಣ್ಣಿಟ್ಟು ಕೇಳಿದರು, "ಎಂತ ಆಗಿತ್ತೇ ಅವತ್ತು?"

ಒಂದು ವರ್ಷ ನಾನು ಕಲ್ಲು ಎಂದು ಬಯ್ದುಕೊಂಡ ಮನುಷ್ಯ ಆ ಒಂದು ವರ್ಷವೂ ಇದನ್ನು ಹೊತ್ತುಕೊಂಡು ಸಮುದ್ರಕ್ಕೆ ಹೋಗಿ ಬರುತ್ತಿದ್ದರು. ಕಣ್ಣು ಒರೆಸಿಕೊಂಡು, ಅವರಿಗೆ ಕಾಣುವ ಹಾಗೆ ತುಟಿ ಬಿಡಿಸಿ ಬಿಡಿಸಿ ಹೇಳಿದೆ. ಗಂಟು ಕಂಡದ್ದು, ಕುಮಟೆಗೆ ಹೋದದ್ದು, ಡಾಕ್ಟರು ಏನೂ ಇಲ್ಲ ಎಂದದ್ದು. ಏನೂ ಇಲ್ಲ ಎಂಬುದನ್ನು ಎರಡು ಸಲ ಹೇಳಿದೆ.

ಅವರು "ಆತು" ಎನ್ನಲಿಲ್ಲ. ಮೇಜು ಹಿಡಿದು ಎದ್ದು ನಿಂತರು.

"ಒಬ್ಳೇ ಹೋಗಿದ್ಯನೇ? ಅದಕ್ಕೆ ಒಬ್ಳೇ ಹೋಗಿದ್ಯಾ?"

ಹೋಟೆಲು ಪೂರ್ತಿ ನಮ್ಮತ್ತ ತಿರುಗಿತು. ಫೋನಿನಲ್ಲಿದ್ದವರೂ ಮಾತು ನಿಲ್ಲಿಸಿದರು. ಜಗಳ ಎಂದೇ ತಿಳಿದಿರಬೇಕು.

"ಎಂತ ನೋಡ್ತ್ರಿ?" ಎಂದೆ ನಾನು ಎಲ್ಲರಿಗೂ ಕೇಳುವ ಹಾಗೆ. "ಅವರಿಗೆ ಕಿವಿ ಕೇಳೂದಿಲ್ಲ."

ಹೊರಗೆ ಬಂದು ಸ್ಕೂಟರಿನ ಕೀಲಿಗೆ ಕೈ ಚಾಚಿದೆ. ಅವರು ಸಮುದ್ರಕ್ಕೆ ಹೋದಾಗ ಅದನ್ನು ಪೇಟೆಗೆ ಓಡಿಸುವವಳು ನಾನೇ. ಹಿಂದೆ ಬರುವ ಲಾರಿಯ ಹಾರ್ನು ಕೇಳದವರ ಕೈಗೆ ಹೆದ್ದಾರಿಯಲ್ಲಿ ಇನ್ನು ಗಾಡಿ ಕೊಡುವುದುಂಟೇ? ಅವರು ವಾದ ಮಾಡಲಿಲ್ಲ, ಕೀಲಿ ಕೊಟ್ಟು ಹಿಂದೆ ಕೂತರು. ಮಳೆ ಪೂರ್ತಿ ಬಿಟ್ಟಿತ್ತು. ಮುರ್ಡೇಶ್ವರದ ಕ್ರಾಸು ದಾಟಿತು, ಮಂಕಿ ದಾಟಿತು. ಅವರ ಗಲ್ಲ ಅಲುಗದೆ ನನ್ನ ಹೆಗಲಿಗೆ ತಾಗಿಯೇ ಇತ್ತು. ಹೊನ್ನಾವರದ ಸೇತುವೆ ಬರುವವರೆಗೂ ಒಂದು ಹನಿ ಮಳೆ ಬೀಳಲಿಲ್ಲ, ಮನೆಗೆ ಬಂದು ಇಳಿದಾಗ ನನ್ನ ಬೆನ್ನು ಒದ್ದೆಯಾಗಿತ್ತು.